ಬಿಡ್ಲಾ ಅಂತ ಕೇಳೋ ಮುತ್ತಜ್ಜ

ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಂಗೆ ಸಿಟ್ಟು ಬರುತ್ತೆ, ಕತೆ ಅಲ್ಲಿಗೇ ನಿಲ್ಲಿಸಿ ಎದ್ದು ಮಲಗೋಕೆ ಹೋಗ್ತೀನಿ. ನಾನು ಸ್ಕೂಲಲ್ಲಿ ಲೆಕ್ಕ ಹೇಳಿಕೊಡೋಳು. ದೆವ್ವ ಗಿವ್ವ ಅಂದ್ರೆ ಮೂಗು ಮುರಿಯೋ ಪೈಕಿ. ಆದ್ರೂ ಹೇಳ್ತಿದ್ದೀನಿ ಅಂದ್ರೆ… ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಅರ್ಧ ನಾನೇ ಕಿವಿಯಾರೆ ಕೇಳಿದ್ದು.

ಅವಳು ನನಗಿಂತ ದೊಡ್ಡೋಳು, ಅಕ್ಕ ಅಂತೀನಿ. ಕೆಲಸದೋರು ಮೇಸ್ತ್ರಿ ಅಂತಾರೆ. ಅವಳ ಅಪ್ಪನ ಮನೆತನದ ಕಸುಬೇ ಜನರ ಮನೆ ಸಾಮಾನು ಸಾಗಿಸೋದು. ಬೀರು, ಮಂಚ, ಮೇಜು, ಎಲ್ಲಾ ಹೊತ್ತು ಇಳಿಸಿ ಲಾರಿಗೆ ಹಾಕೋದು. ಅಪ್ಪ ಹೋದ ಮೇಲೆ ಅಕ್ಕನೇ ಅದನ್ನ ನಡೆಸ್ತಾಳೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, ನಂಗೆ ಸಮನಾಗಿ ಇನ್ನೊಂದು ತುದಿ ಹಿಡಿಯೋನು ಸಿಗಲಿಲ್ಲ ಅಂತ ನಗ್ತಾಳೆ.

ಆ ಕಸುಬಲ್ಲಿ ಒಂದು ಕಟ್ಟುನಿಟ್ಟು ಇದೆ. ಅದು ತಿಳಿದಿದ್ರೇನೇ ಈ ಕತೆ ಅರ್ಥ ಆಗೋದು, ಕೇಳಿ. ಇಬ್ಬರು ಸೇರಿ ಒಂದು ಬೀರುನ ಮೆಟ್ಟಿಲಲ್ಲಿ ಇಳಿಸ್ತಿದ್ದಾರೆ ಅಂತ ಇಟ್ಕೊಳ್ಳಿ. ಮೇಲಿರೋನು ಕೈ ಬಿಡಬೇಕಾದ್ರೆ ಮೊದಲು ಕೇಳಬೇಕು, "ಬಿಡ್ಲಾ?" ಅಂತ. ಕೆಳಗಿರೋನು ಭಾರಾನೆಲ್ಲ ತನ್ನ ಹೆಗಲಿಗೆ ತಗೊಂಡು, ಕಾಲು ಊರಿ, ಆಮೇಲೆ "ಹಿಡ್ದೆ" ಅನ್ನಬೇಕು. ಆ ಮಾತು ಕಿವಿಗೆ ಬೀಳೋವರೆಗೂ ಮೇಲಿರೋನು ಕೈ ಬಿದ್ದುಹೋದ್ರೂ ಬಿಡೋ ಹಾಗಿಲ್ಲ. ಅವರ ಮನೇಲಿ ಇದು ಎಷ್ಟು ಮೈಗೆ ಹತ್ತಿಬಿಟ್ಟಿದೆ ಅಂದ್ರೆ, ಎಳೇ ಮಗುನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡೋವಾಗಲೂ "ಬಿಡ್ಲಾ?" "ಹಿಡ್ದೆ." ನಿದ್ದೆಗಣ್ಣಲ್ಲಿ ಕೇಳಿದ್ರೂ ಉತ್ತರ ಬಂದುಬಿಡುತ್ತೆ.

ಆಯ್ತಾ. ಅವತ್ತು ಯಾರದೋ ದೊಡ್ಡ ಮನೆ ಖಾಲಿ ಮಾಡೋ ಕೆಲಸ. ಮುಗಿಯೋ ಹೊತ್ತಿಗೆ ಊರೆಲ್ಲ ಮಲಗಿತ್ತು. ಲಾರಿ ಶೆಡ್ಡಿಗೆ ಹೋಯ್ತು, ಅಕ್ಕ ಸೈಕಲ್ ತಳ್ಕೊಂಡು ಮನೆ ಕಡೆ ಹೊರಟ್ಲು. ಹೆಗಲ ಮೇಲೆ ಹಗ್ಗದ ಸುರುಳಿ. ಎರಡು ಕೈಯೂ ಹ್ಯಾಂಡಲ್ ಮೇಲೆ. ಬೀದಿ ದೀಪ ಕೆಟ್ಟಿತ್ತು, ಅದಕ್ಕೇ ಟಾರ್ಚನ್ನ ಹಲ್ಲಲ್ಲಿ ಕಚ್ಚಿಕೊಂಡಿದ್ಲು. ಅವರ ಬೀದಿ ಮೂಲೇಲಿ ಒಂದು ಹಳೇ ಬಾವಿ ಇದೆ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಬಾವಿ ದಾಟಿದ್ರೆ ಮನೆ.

ಬಾವಿ ಹತ್ರ ಬಂದಾಗ ಒಂದು ಸದ್ದು.

ಚರ್ರ್… ಚರ್ರ್… ಬೀರುಗೆ ಸುತ್ತಿದ ಗೋಣಿತಾಟು ಗೋಡೆಗೆ ಉಜ್ಜೋ ಸದ್ದು. ಅದರ ಹಿಂದೆ ಟಿಣ್… ಟಿಣ್… ಬಾಗಿಲಿನ ಕನ್ನಡಿ ಸಡಿಲ ಆಗಿದ್ರೆ ಹಾಗೆ ಅದುರುತ್ತೆ. ಆಮೇಲೆ ಉಸಿರು. ಹ್ಹ… ಹ್ಹ… ಭಾರ ಹೊತ್ತೋನ ಉಸಿರು. ಅಕ್ಕನಿಗೆ ಮೊದಲು ಹೆದರಿಕೆ ಆಗಲೇ ಇಲ್ಲವಂತೆ. ಇಷ್ಟು ಹೊತ್ತಲ್ಲಿ ಯಾರಪ್ಪಾ ಮನೆ ಖಾಲಿ ಮಾಡ್ತಿರೋದು, ಅದೂ ನಮ್ಮ ಬೀದೀಲಿ, ನಮ್ಮನ್ನ ಕರೀದೆ ಅಂತ ಸಿಟ್ಟು ಬಂತಂತೆ. ನೋಡಿ ಅವಳ ಬುದ್ಧಿ.

ಆಗ… ಬಲಗಿವಿ ಪಕ್ಕ. ತೀರಾ ಪಕ್ಕ.

"ಬಿಡ್ಲಾ…?"

ಅವಳ ನಾಲಗೆ ಎದ್ದೇ ಬಿಡ್ತು. ಹುಟ್ಟಿದಾಗಿಂದ ಆಡಿದ ಮಾತು, ತಡೆಯೋದು ಹೇಗೆ? ಆದ್ರೆ ಬಾಯಲ್ಲಿ ಟಾರ್ಚ್ ಇತ್ತು. "ಹ್ಞ್…" ಅಂತ ಒಂದು ಸದ್ದು ಬಂತೇ ಹೊರತು ಮಾತು ಬರಲಿಲ್ಲ. ತಿರುಗಿ ನೋಡಿದ್ಲು. ಯಾರೂ ಇಲ್ಲ. ಬಾವಿ ಮೇಲಿನ ಜಾಲರಿ ಮಾತ್ರ ಸಣ್ಣಗೆ ಝುಂಯ್ ಅಂತ ನಡುಗ್ತಿತ್ತು. ಹೆದರಿಕೆ ಆದದ್ದು ಆಗ. ಸೈಕಲ್ ಅಲ್ಲೇ ಬಿಸಾಕಿ ಮನೆಗೆ ಓಡಿದ್ಲು.

ಬಾಗಿಲಲ್ಲಿ ಅವಳ ದೊಡ್ಡತ್ತೆ ಕೂತಿದ್ದರು. ಅಪ್ಪನ ಅಕ್ಕ, ಎಪ್ಪತ್ತು ದಾಟಿದೋರು. ಹುಡುಗಿ ಆಗಿದ್ದಾಗಲೇ ಅವರ ಕತ್ತು ಬಲಕ್ಕೆ ವಾಲಿ ಹಾಗೇ ನಿಂತುಬಿಟ್ಟಿದೆ, ಯಾವಾಗಲೂ ಹೆಗಲ ಮೇಲೆ ಏನೋ ಇರೋ ಥರ. ಅವರಿಗೂ ಮದುವೆ ಆಗಲಿಲ್ಲ. ಸಾಮಾನಿನ ಕೋಣೆ ಮೂಲೇಲೇ ಜೀವನ ಕಳೆದೋರು. ಅಕ್ಕ ಇನ್ನೂ ಬಾಯೇ ಬಿಟ್ಟಿಲ್ಲ, ಅವರು ಪಿಸುಗುಟ್ಟಿದ್ರು.

"ಅಂದ್ಯಾ?"

"…ಇಲ್ಲ."

"ಅನ್ನಬೇಡ."

ಅಷ್ಟೇ. ಎದ್ದು ಒಳಗೆ ಹೋಗಿ ಮಲಗಿಬಿಟ್ರು.

ಈಗ ಗುಬ್ಬಿ ವಿಷಯ ಹೇಳಬೇಕು. ಅಕ್ಕನ ತಮ್ಮನ ಮಗಳು. ಆಗ ಒಂದನೇ ಕ್ಲಾಸು, ನಮ್ಮ ಸ್ಕೂಲೇ. ಬಾವಿ ಹತ್ರ ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಎದ್ದಾಗ ಮಗುವಿನ ಬಲಗೈ ಜೋತುಬಿದ್ದಿತ್ತು. ನೋವಿಲ್ಲ, ಜ್ವರ ಇಲ್ಲ, ಬೆರಳು ಅಲ್ಲಾಡ್ತಿಲ್ಲ. ಡಾಕ್ಟರು ಯಾವುದೋ ನರದ ಹೆಸರು ಹೇಳಿದ್ರು. ದಿನಾ ವ್ಯಾಯಾಮ ಮಾಡಿಸಿ, ಕಾಯಿರಿ, ಬಂದ್ರೆ ಬರಬಹುದು ಅಂದ್ರು. ಆ "ಬಂದ್ರೆ" ಅನ್ನೋ ಮಾತು ಕೇಳಿ ಮಗುವಿನ ಅಮ್ಮ ಅವತ್ತೇ ಜಾತಕ ಹುಡುಕಿ ತೆಗೆದ್ಲು. ಅಕ್ಕನಿಗೆ ಗುಬ್ಬಿ ಅಂದ್ರೆ ಪ್ರಾಣ. ದಿನಾ ರಾತ್ರಿ ಆ ಕೈಯನ್ನ ತನ್ನ ಅಂಗೈಲಿಟ್ಟುಕೊಂಡು ಒಂದೊಂದೇ ಬೆರಳು ಮಡಿಸಿ ಬಿಚ್ಚಿ ಮಾಡ್ತಿದ್ಲು. ಮಗು ಎಡಗೈಲಿ ಚಿತ್ರ ಬರೆಯೋದು ಕಲಿಯೋಕೆ ಶುರು ಮಾಡಿತ್ತು.

ತಮ್ಮ, ಅವನ ಹೆಂಡತಿ, ಇಬ್ಬರೂ ಮಗುವಿನ ಜಾತಕ ಹಿಡ್ಕೊಂಡು ಜ್ಯೋತಿಷಿಗಳ ಹತ್ರ ಹೋದ್ರು. ಹೊಲಿಗೆ ಅಂಗಡಿ ಮೇಲೆ ಒಂದು ಕೋಣೆ ಅವರದ್ದು. ಕೆಳಗೆ ಮಷೀನು ಕಟಕಟ ಅಂತಿರುತ್ತೆ, ಮೇಲೆ ಅವರು ಕನ್ನಡಕ ಒರೆಸ್ಕೊಂಡು ಕುಂಡಲಿ ನೋಡ್ತಿರ್ತಾರೆ. ಅವರು ನೋಡಿ ಹೇಳಿದ್ದು ಇಷ್ಟು: ವೃಷಭ ಲಗ್ನ. ಹಿರಿಯರ ಮನೆ ಅಂದ್ರೆ ಒಂಬತ್ತು, ಅಲ್ಲಿ ರವಿ ರಾಹು ಒಟ್ಟಿಗೆ. ಇದು ಪಿತೃದೋಷ. ಎದುರಿಗೆ ಮೂರರಲ್ಲಿ ಕೇತು. ಮೂರು ಅಂದ್ರೆ ಭುಜ, ತೋಳು. ಎರಡನೇ ಮನೆ ಮಾತಿನದು, ಅದರ ಒಡೆಯ ಬುಧ. ಅವನೂ ಹೋಗಿ ರಾಹು ಪಕ್ಕ ಕೂತಿದ್ದಾನೆ. ನಿಮ್ಮ ಹಿರಿಯರಲ್ಲಿ ಯಾರದೋ ಕರ್ಮ ಉಳಿದುಕೊಂಡಿದೆ, ವಂಶದಲ್ಲಿ ಒಬ್ಬರು ಮನಸ್ಸಾರೆ ಅದನ್ನ ತೀರಿಸಬೇಕು, ಆಗ ಮಗೂಗೂ ಮನೆಗೂ ವಾಸಿ ಆಗುತ್ತೆ ಅಂದ್ರಂತೆ.

ತೀರಿಸಬೇಕು ಅಂದ ತಕ್ಷಣ ಇವರಿಗೆ ಅರ್ಥ ಆಗಿಹೋಯ್ತು. ಯಾಕಂದ್ರೆ ಆ ಮನೇಲಿ ಅದು ಹಿಂದೆಯೂ ಒಂದು ಸಲ ಆಗಿತ್ತು. ಅಕ್ಕನ ಅಪ್ಪ ಚಿಕ್ಕೋನಿದ್ದಾಗ ಅವನ ಕೈ ಹೀಗೇ ಬಿದ್ದಿತ್ತು. ಸತ್ತುಹೋದ ಮುತ್ತಜ್ಜ, ಅಂದ್ರೆ ಅಕ್ಕನ ಅಪ್ಪನ ತಾತ, ಬಾವಿ ಹತ್ರ ಇನ್ನೂ ಭಾರ ಹೊತ್ಕೊಂಡು ನಿಂತಿದ್ದಾನೆ, ಯಾರಾದ್ರೂ ಹಿಡಿದ್ರೆ ಹುಡುಗನ ಕೈ ಬರುತ್ತೆ ಅಂತ ಮನೆಯವರೆಲ್ಲ ಸೇರಿ ದೊಡ್ಡತ್ತೆಯನ್ನ ಕಳಿಸಿದ್ರು. ಅವರು ಹೋಗಿ ಹಿಡ್ದೆ ಅಂದು ಬಂದ್ರು. ತಮ್ಮನ ಕೈ ಬಂತು. ಅವರ ಕತ್ತು ಹೋಯ್ತು. ಮನೆಯವರು ಇದನ್ನ ದೊಡ್ಡತ್ತೆಯ ತ್ಯಾಗ ಅಂತ ಹೊಗಳ್ತಾರೆ, ಬಂದವರಿಗೆಲ್ಲ ಹೇಳ್ತಾರೆ. ಆ ಮುದುಕಿಗೆ ಕತ್ತಿಗೆ ಆಸರೆ ಇರೋ ಒಂದು ಕುರ್ಚಿ ಮಾತ್ರ ಇವತ್ತಿನವರೆಗೂ ಯಾರೂ ತಂದುಕೊಟ್ಟಿಲ್ಲ. ಈಗ ಅವರ ಹೆಗಲು ಸೋತಿದೆ, ಅದಕ್ಕೇ ಭಾರ ಗುಬ್ಬಿ ಮೇಲೆ ಬಂದಿದೆ ಅಂತ ತೀರ್ಮಾನ ಮಾಡಿದ್ರು. ಹೊರೋದು ಯಾರು? ಗಂಡ ಮಕ್ಕಳಿಲ್ಲದವಳು ಯಾರೋ ಅವಳು. ಇದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಸುಮ್ಮನೆ ಅಕ್ಕನ ಮುಖ ನೋಡಿದ್ರು.

ನಾನು ಅವತ್ತು ಅಲ್ಲೇ ಇದ್ದೆ. ಗುಬ್ಬಿಗೆ ಮನೆಪಾಠ ಹೇಳೋಕೆ ಹೋಗಿದ್ದೆ. ಇವರೆಲ್ಲರ ಮುಖಕ್ಕೆ ಒಂದೊಂದು ಬಾರಿಸೋಣ ಅನ್ನಿಸ್ತು, ನಿಜ ಹೇಳ್ತೀನಿ.

ಅಕ್ಕ ಎದ್ದು ಹೋಗಲಿಲ್ಲ, ಕೂಗಾಡಲಿಲ್ಲ. ಮುತ್ತಜ್ಜ ಮಾಡಿದ್ದಾದ್ರೂ ಏನು, ಪೂರ್ತಿ ಹೇಳು ಅಂತ ತಮ್ಮನ್ನ ಕೇಳಿದ್ಲು. ಅವನು ಮನೇಲಿ ಎಲ್ಲರೂ ಹೇಳೋ ಥರಾನೇ ಹೇಳಿದ. ಮುತ್ತಜ್ಜನೂ ಅವನ ಜೊತೆಗಾರನೂ ಬಾವಿ ಪಕ್ಕ ಆಗ ಇದ್ದ ಒಂದು ಮನೆ ಮಹಡಿಯಿಂದ ಕನ್ನಡಿ ಬೀರುನ ಇಳಿಸ್ತಿದ್ರು. ಮುತ್ತಜ್ಜ ಮೇಲೆ, ಜೊತೆಗಾರ ಕೆಳಗೆ. ಮುತ್ತಜ್ಜ ಬಿಡ್ಲಾ ಅಂದ. ಜೊತೆಗಾರ ಹಿಡ್ದೆ ಅಂದ. ಮುತ್ತಜ್ಜ ಬಿಟ್ಟ. ಜೊತೆಗಾರನ ಕೈ ಜಾರ್ತು, ಬೀರು ಅವನ ಮೇಲೇ ಬಿತ್ತು. ತಪ್ಪು ಜೊತೆಗಾರನದ್ದೇ, ಆದ್ರೂ ಸಾವು ಸಾವೇ ಅಲ್ವಾ, ಅದರ ಕರ್ಮ ಅಂಟಿಕೊಂಡಿದೆ ಅಂದ. ಕೊನೆಗೆ ಎಲ್ಲರೂ ಸೇರಿಸೋ ಮಾತನ್ನ ಇವನೂ ಸೇರಿಸಿದ. ಪಾಪ, ಕಸುಬಿನ ಮೇಲೆ ಎಂಥಾ ನಿಯತ್ತು ಆ ಜೊತೆಗಾರನಿಗೆ, ಹೆಣ ಎತ್ತಿದಾಗಲೂ ಬೀರು ಕಟ್ಟೋ ಹಗ್ಗ ಹಲ್ಲಲ್ಲಿ ಕಚ್ಚಿಕೊಂಡೇ ಇದ್ದನಂತೆ.

ಈ ಕತೆ ನಾನೂ ಎಷ್ಟು ಸಲ ಕೇಳಿದ್ದೀನೋ. ಎಲ್ಲರೂ ಆ ಹಗ್ಗದ ಹತ್ರ ಬಂದಾಗ ಚ್ಚು ಚ್ಚು ಅಂತಾರೆ. ತಲೆತಲಾಂತರದಿಂದ ಚ್ಚು ಚ್ಚು ಅಂದಿದ್ದೇ ಬಂತು.

ಅಕ್ಕ ಮಾತ್ರ ತಮ್ಮನ ಮುಖವನ್ನೇ ನೋಡ್ತಾ ಕೂತ್ಲು. ಮೆಲ್ಲಗೆ ಕೇಳಿದ್ಲು.

"ಹಲ್ಲಲ್ಲಿ ಹಗ್ಗ ಇಟ್ಕೊಂಡು ಹಿಡ್ದೆ ಅಂತ ಹೇಗೆ ಅಂದ?"

ಮೂಲೇಲಿ ದೊಡ್ಡತ್ತೆ, ತಲೆ ವಾಲಿಸ್ಕೊಂಡೇ, ಕಣ್ಣು ಮುಚ್ಚಿದ್ರು. ಅಕ್ಕ ಬಾವಿ ಹತ್ರ ತನಗೆ ಆದದ್ದನ್ನ ಆಗ ಹೇಳಿದ್ಲು. ಬಾಯಲ್ಲಿ ಟಾರ್ಚ್ ಇದ್ದದ್ದು, ಮಾತು ಬರದೇ ಹೋದದ್ದು. ಆ ಜೊತೆಗಾರನಿಗೂ ಬಂದಿರಲ್ಲ ಅಂದ್ಲು. ಮುತ್ತಜ್ಜ ಹಿಡ್ದೆ ಅನ್ನೋದನ್ನ ಕೇಳಿಸ್ಕೊಳ್ಳದೇ ಬಿಟ್ಟುಬಿಟ್ಟಿದ್ದಾನೆ, ಆಮೇಲೆ ಸತ್ತೋನ ಮೇಲೆ ಸುಳ್ಳು ಹೊರಿಸಿದ್ದಾನೆ ಅಂದ್ಲು. ಆ ಸುಳ್ಳಿಂದ ಏನಾಯ್ತು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಜೊತೆಗಾರನ ಹೆಂಡತಿ ಮಕ್ಕಳನ್ನ ಕೆಲಸದೋರ ವಠಾರದಿಂದ ಓಡಿಸಿದ್ರು. ಕೈಜಾರಿ ಮನೆಯೋರು ಅಂತ ಅವರಿಗೆ ಹೆಸರು ಬಿತ್ತು, ಅದೇ ನಿಂತುಹೋಯ್ತು. ಆ ಮನೆಯವರು ಎದುರಿಗೆ ಬಂದ್ರೆ ಅಕ್ಕನ ಮನೆಯವರು ಇವತ್ತಿಗೂ ರಸ್ತೆ ದಾಟಿ ಆ ಕಡೆ ಹೋಗಿಬಿಡ್ತಾರೆ.

ಅಕ್ಕ ಮಾರನೇ ದಿನ ತಾನೇ ಜ್ಯೋತಿಷಿಗಳ ಹತ್ರ ಹೋದ್ಲು. ಜಗಳ ಆಡೋಕೇ ಹೋಗಿದ್ದು. ನನ್ನ ಹೆಗಲಿಗೆ ಹಾಕೋಕೆ ನೀವ್ಯಾರು ಅಂತ ಕೇಳಿದ್ಲಂತೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದಿಟ್ಟು ಹೇಳಿದ್ರಂತೆ:

"ಭಾರ ಇದೆ ಅಂತ ಜಾತಕ ತೋರಿಸುತ್ತೆ ತಾಯಿ. ಯಾರು ಹೊರಬೇಕು ಅಂತ ತೋರಿಸಲ್ಲ. ನಾನು ತೀರಿಸಿ ಅಂದೆ. ನಿಮ್ಮ ಮನೆಯವರು ಹೊರಿ ಅಂತ ಕೇಳಿಸ್ಕೊಂಡ್ರು."

ಅಕ್ಕ ಬಂದು ಮನೇಲಿ ಹೇಳಿದ್ಲು, ನಾನು ಹಿಡ್ದೆ ಅನ್ನೋದಿಲ್ಲ ಅಂತ. ಆವಾಗ ನೋಡಬೇಕಿತ್ತು. ತಮ್ಮನ ಹೆಂಡತಿ ಕಾಲು ಹಿಡಿದುಬಿಟ್ಲು. ನೀನು ಒಂದು ಮಾತು ಅಂದ್ರೆ ನನ್ನ ಮಗು ಕೈ ಬರುತ್ತೆ ಅತ್ತಿಗೆ, ಒಂದೇ ಒಂದು ಮಾತು ಅಂತ ಅತ್ಲು. ಅವಳದ್ದೇನು ತಪ್ಪು? ಹೆತ್ತ ಕರುಳು. ಅಕ್ಕನೂ ಅತ್ಲು. ನಾನು ಅವಳು ಅತ್ತದ್ದನ್ನ ನೋಡಿದ್ದು ಅದೊಂದೇ ಸಲ. ತಮ್ಮನ ಹೆಂಡತೀನ ಎಬ್ಬಿಸಿ ಕೂರಿಸಿ ಹೇಳಿದ್ಲು.

"ಗುಬ್ಬಿಗೆ ನನ್ನ ಎರಡು ಕೈಯೂ ಕತ್ತರಿಸಿ ಕೊಡ್ತೀನಿ. ಈ ಸುಳ್ಳಿಗೆ ಹೆಗಲು ಕೊಡಲ್ಲ. ಇವತ್ತು ನಾನು ಹೊತ್ತರೆ, ನನ್ನ ಹೆಗಲು ಸೋತ ದಿನ ಇದು ಗುಬ್ಬಿಯ ಮಗೂಗೆ ಬರುತ್ತೆ. ಆವತ್ತು ಯಾರನ್ನ ಕಳಿಸ್ತೀಯ ಬಾವಿ ಹತ್ರ?"

ತಮ್ಮ, ಮಗು ಕೈ ಬರದೇ ಹೋದ್ರೆ ನಿನ್ನ ಮುಖ ನೋಡಲ್ಲ ಅಂದ. ಅಂದೇ ಬಿಟ್ಟ.

ರಾತ್ರಿ ಅಕ್ಕ ಹೊರಟ್ಲು. ನಾನು ಗುಬ್ಬಿ ಪಕ್ಕ ಮಲಗಿದ್ದೆ, ಕಿಟಕಿ ತೆಗೆದಿತ್ತು. ಮಗು ನಿದ್ದೆ ಮಾಡ್ತಿತ್ತು. ಅಕ್ಕ ಈ ಸಲ ಕೈಲಿ ಏನೂ ತಗೊಳ್ಳಲಿಲ್ಲ. ಬಾಯಲ್ಲೂ ಏನೂ ಇಲ್ಲ. ದೊಡ್ಡತ್ತೆ ಬಾಗಿಲವರೆಗೂ ಹೋದ್ರು. ಅವಳ ಕೈ ಹಿಡಿದು ಏನೋ ಪಿಸುಗುಟ್ಟಿದ್ರು. ಏನಂದ್ರು ಅಂತ ಆಮೇಲೆ ಅಕ್ಕ ಹೇಳಿದ್ಲು: ನಾನು ಹಿಡಿದ ಮೇಲೂ ಅವನದ್ದು ಇಳೀಲಿಲ್ಲ ಕಣೇ, ಇಬ್ಬರೂ ಹೊತ್ಕೊಂಡೇ ನಿಂತ್ವಿ.

ಇನ್ನು ಮುಂದಿಂದು ಅಕ್ಕ ಹೇಳಿದ ಹಾಗೇ ಹೇಳ್ತೀನಿ.

ಬಾವಿ ಹತ್ರ ಹೋಗಿ ನಿಂತ್ಲು. ಗಾಳಿ ಇಲ್ಲ. ಎಲ್ಲೋ ಒಂದು ನಲ್ಲಿ ತೊಟ್… ತೊಟ್… ಅಂತಿತ್ತು. ಅದು ನಿಂತುಹೋಯ್ತು. ಆಮೇಲೆ ಚರ್ರ್… ಚರ್ರ್… ಟಿಣ್… ಹತ್ರ ಬಂತು. ಹೆಗಲ ಮೇಲೆ ಬಿಸಿ ಉಸಿರು. ಹಳೇ ಗೋಣಿ ವಾಸನೆ. ತಲೆ ಮೇಲೆ ಏನೋ ದೊಡ್ಡದು ನಿಂತಿದೆ ಅಂತ ಗೊತ್ತಾಯ್ತಂತೆ… ನೋಡಲಿಲ್ಲ.

"ಬಿಡ್ಲಾ…?"

ಅಕ್ಕ ತುಟಿ ಕಚ್ಚಿಕೊಂಡ್ಲು.

"ಕೈ ಸೋತಿದೆ ಮಗಾ… ಬಿಡ್ಲಾ?"

"ಕೆಳಗಿದ್ದೋನು ಏನಂದ, ಮುತ್ತಜ್ಜಾ?"

ಉಸಿರು ನಿಲ್ತು. ಕನ್ನಡಿ ಅದುರೋದೂ ನಿಲ್ತು.

"…ಹಿಡ್ದೆ ಅಂದ."

"ಬಾಯಲ್ಲಿ ಹಗ್ಗ ಇತ್ತಲ್ಲ."

ಅಕ್ಕನ ಬಲಗೈ ಬೆರಳ ತುದಿಯಿಂದ ಮರಗಟ್ಟುತ್ತಾ ಬಂತಂತೆ. ಮಣಿಕಟ್ಟು… ಮೊಣಕೈ… ಹೆಗಲು. ಗುಬ್ಬಿಗೆ ಆದದ್ದು ಹೀಗೇ ಅಂತ ಆಗ ಗೊತ್ತಾಯ್ತಂತೆ. ಗೊತ್ತಾಗಿ ಅವಳಿಗೆ ಹೆದರಿಕೆ ಹೋಗಿ ಕಂಡಾಪಟ್ಟೆ ಸಿಟ್ಟು ಬಂತಂತೆ. ಆರು ವರ್ಷದ ಮಗೂನ ಹೆಗಲು ಹುಡುಕ್ಕೊಂಡು ಬಂದಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ ಅಂತ ಬೈದ್ಲಂತೆ. ಮುತ್ತಜ್ಜ ಅಂತಾನೂ ನೋಡದೆ ಬಾಯಿಗೆ ಬಂದ ಹಾಗೆ ಬೈದ್ಲಂತೆ.

"ಹೇಳಿದ್ರೆ… ಒಡೆದುಹೋಗುತ್ತೆ," ಅಂತು ಆ ದನಿ. "ಮನೆ ಹೆಸರು… ಎಲ್ಲಾ."

"ಒಡೀಲಿ."

"…ಅವನು ಅನ್ನಲಿಲ್ಲ. ನಾನೇ ಬಿಟ್ಟೆ."

"ನಂಗೆ ಯಾಕೆ ಹೇಳ್ತೀಯ? ಅವರ ಮನೇಗೆ ಹೋಗಿ ಹೇಳು. ನಾನಂತೂ ಹಿಡಿಯಲ್ಲ."

ಅಂದು ಅಕ್ಕ ಕೈ ಕಟ್ಟಿಕೊಂಡು ನಿಂತ್ಲು. ಮರಗಟ್ಟಿದ ಕೈಯನ್ನ ಎಡಗೈಲಿ ಎತ್ತಿ ಕಟ್ಟಿಕೊಂಡ್ಲು. ಪಕ್ಕಕ್ಕೂ ಸರೀಲಿಲ್ಲ.

ಆಮೇಲಿನದ್ದು ನಾನೇ ಕೇಳಿದ್ದು. ಧಡಾರ್… ಅಂತ ಒಂದು ಸದ್ದು. ಕಿಟಕಿ ಅದುರ್ತು. ಅದರ ಹಿಂದೆ ಗಾಜು. ಛಿಲ್… ಛಿಲ್… ಛಿಲ್… ಮೆಟ್ಟಿಲಿಂದ ಮೆಟ್ಟಿಲಿಗೆ ಬೀಳ್ತಾ ಹೋದ ಹಾಗೆ. ಆ ಬೀದೀಲಿ ಎಲ್ಲೂ ಮೆಟ್ಟಿಲಿಲ್ಲ ಕಣ್ರೀ. ನಾನು ಹೊರಗೆ ಓಡಿದೆ. ಎದುರು ಮನೆ ಕ್ಷೌರದಂಗಡಿಯವನೂ ಲುಂಗಿ ಬಿಗೀತಾ ಓಡಿ ಬಂದ, ಯಾರ ಮನೆ ಬೀರು ಬಿತ್ತು ಅಂತ. ಅಕ್ಕ ಬಾವಿ ಪಕ್ಕ ಹಾಗೇ ನಿಂತಿದ್ಲು. ಒಂದು ಚೂರು ಗಾಜಿಲ್ಲ, ಮರ ಇಲ್ಲ. ಬರಿಗಾಲಿನ ಸದ್ದು ಮಾತ್ರ ಟಪ ಟಪ ಟಪ ಅಂತ ದೊಡ್ಡ ರಸ್ತೆ ಕಡೆ ಹೋಗ್ತಿತ್ತು. ಬೇಗ ಬೇಗ ಹೋಗ್ತಿತ್ತು, ಹಗುರವಾಗಿ. ಅಂಗಡಿಯವನೂ ಕೇಳಿದ್ದಾನೆ, ಬೇಕಾದ್ರೆ ಅವನನ್ನೇ ಕೇಳಿ.

ಗುಬ್ಬಿ ಕೈ ಏನಾಯ್ತು ಅಂತ ತಾನೇ? ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿಂದನ್ನ ಕಿವಿಗೆ ಹಾಕ್ಕೊಳ್ಳಲ್ಲ.

ಬೆಳಿಗ್ಗೆ ನೋಡಿದ್ರೆ ಕೈ ಹಾಗೇ ಇತ್ತು. ಜೋತುಬಿದ್ದ ಹಾಗೇ. ಅಕ್ಕನ ಕೈ ರಾತ್ರಿಯೇ ಸರಿಹೋಗಿತ್ತು, ಮಗುವಿನದ್ದು ಇಲ್ಲ. ತಮ್ಮ ಅಕ್ಕನಿಗೆ ಅಂದ ಮಾತುಗಳನ್ನ ನಾನು ಇಲ್ಲಿ ಹೇಳಲ್ಲ. ಅಕ್ಕ ಎಲ್ಲಾ ನುಂಗಿಕೊಂಡು ದಿನಾ ರಾತ್ರಿ ಅದೇ ಬೆರಳುಗಳನ್ನ ಮಡಿಸಿ ಬಿಚ್ಚಿ ಮಾಡ್ತಾನೇ ಇದ್ಲು. ಮಳೆಗಾಲ ಮುಗಿಯೋ ಹೊತ್ತಿಗೆ ಒಂದು ದಿನ ಕಿರುಬೆರಳು ಅವಳ ಅಂಗೈಲಿ ಕೊಕ್ಕೆ ಹಾಕ್ತು. ಆಮೇಲೆ ಒಂದೊಂದೇ ಬಂದ್ವು. ಡಾಕ್ಟರು ನಾನು ಹೇಳಲಿಲ್ವಾ ಅಂದ್ರು. ವ್ಯಾಯಾಮ ಮಾಡಿಸೋ ಹುಡುಗಿ ತನ್ನಿಂದಲೇ ಆದದ್ದು ಅಂತ ಸ್ವೀಟ್ ಹಂಚಿದ್ಲು. ತಮ್ಮನ ಹೆಂಡತಿ ಜ್ಯೋತಿಷಿಗಳಿಗೆ ಕೈ ಮುಗಿದು ಬಂದ್ಲು. ಅವರು ನಾನೇನೂ ಮಾಡಿಲ್ಲಮ್ಮ ಅಂದ್ರಂತೆ. ಗುಬ್ಬಿ ಈಗ ಆ ಕೈಯಲ್ಲೇ ಪಕ್ಕದ ಬೆಂಚಿನ ಹುಡುಗರಿಗೆ ಗುದ್ದುತ್ತೆ, ದೂರು ನನ್ನ ಹತ್ರ ಬರುತ್ತೆ. ದೊಡ್ಡತ್ತೆಯ ಕತ್ತು ಮಾತ್ರ ನೇರ ಆಗಲೇ ಇಲ್ಲ. ಅದಕ್ಕೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಈಗ ಆ ಬೆಳಿಗ್ಗೆಗೆ ಬನ್ನಿ. ತಮ್ಮ ಕೂಗಾಡ್ತಿದ್ದ ಹಾಗೇ ಅಕ್ಕ ಮುಖ ತೊಳೆದು, ಗುಬ್ಬಿಗೆ ಫ್ರಾಕ್ ಹಾಕಿ, ನಡಿ ಅಂದ್ಲು ನಂಗೆ. ಎಲ್ಲಿಗೆ ಅಂದ್ರೆ, ಕೈಜಾರಿ ಮನೆಗೆ. ಅವನು ಹೋದ್ನೋ ಇಲ್ವೋ ಯಾರಿಗೆ ಗೊತ್ತು, ನಾನಂತೂ ಹೋಗಿ ಹೇಳೋಳೇ ಅಂದ್ಲು. ಮಗು ಯಾಕೆ ಅಂದೆ. ಇವಳ ಜಾತಕದಲ್ಲಿ ತಾನೇ ಬಂದು ಕೂತಿರೋದು, ಇವಳೂ ಕೇಳಲಿ ಅಂದ್ಲು.

ಹಳೇ ಬಸ್ ಡಿಪೋ ಹಿಂದೆ ಒಂದು ವಠಾರ. ಮೇಲಿನ ಮಹಡಿ. ಜೊತೆಗಾರನ ಮೊಮ್ಮಗಳು ಅಲ್ಲಿದ್ದಾರೆ, ನಮ್ಮ ದೊಡ್ಡತ್ತೆ ವಯಸ್ಸಿನವರು. ದಿಂಬಿಗೆ ಹತ್ತಿ ತುಂಬೋ ಕೆಲಸ. ಬಾಗಿಲಲ್ಲೇ ಕೂತು ತುಂಬ್ತಿದ್ರು, ಹುಬ್ಬಿನ ಮೇಲೆಲ್ಲ ಹತ್ತಿ. ಅಕ್ಕನನ್ನ ನೋಡಿದ ತಕ್ಷಣ ಗುರುತು ಹಿಡಿದ್ರು. ಹಿಡೀದೇ ಏನು, ಜೀವನ ಪೂರ್ತಿ ಇವರು ರಸ್ತೆ ದಾಟಿ ಹೋಗೋದನ್ನ ನೋಡಿದೋರಲ್ವಾ. ಅಕ್ಕ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ಲು. ಅಜ್ಜಿ, ನಮ್ಮ ಮುತ್ತಜ್ಜ… ಅಂತ ಶುರು ಮಾಡಿದ್ಲು.

"ಗೊತ್ತಮ್ಮ," ಅಂದ್ರು ಅಜ್ಜಿ. "ನಿಮ್ಮೋರು ರಾತ್ರಿನೇ ಬಂದು ಹೇಳಿ ಹೋದ್ರಲ್ಲ."

ಯಾರು ಬಂದಿದ್ದು ಅಂತ ಅಕ್ಕ ಕೇಳಿದ್ಲು.

ವಯಸ್ಸಾದೋರು ಅಂದ್ರು ಅಜ್ಜಿ. ಮೈಯೆಲ್ಲ ಬೆವರು, ಕಾಲಲ್ಲಿ ಚಪ್ಪಲಿ ಇಲ್ಲ. ಒಳಗೆ ಬನ್ನಿ ಅಂದ್ರೆ ಬರಲಿಲ್ಲ. ಅವನು ಹಿಡ್ದೆ ಅನ್ನಲಿಲ್ಲ, ನಾನೇ ಬಿಟ್ಟೆ ಅಂದ್ರು, ಅಷ್ಟೇ ಮಾತಾಡಿದ್ದು. ನಿಮ್ಮ ಮನೆ ಹಿರಿಯರು ಯಾರೋ ಇರಬೇಕು ಅಂದ್ಕೊಂಡೆ. ನಮ್ಮಪ್ಪ ಈ ಒಂದು ಮಾತಿಗೆ ಸಾಯೋವರೆಗೂ ಕಾದ ಕಣಮ್ಮ, ಬಾಗಿಲಲ್ಲಿ ಯಾರು ಬಂದ್ರೂ ತಲೆ ಎತ್ತಿ ನೋಡ್ತಿದ್ದ… ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಹತ್ತಿ ಕಣ್ಣಿಗೆ ಅಂಟ್ಕೊಳ್ತು. ಗುಬ್ಬಿ ಎಡಗೈಲಿ ಅದನ್ನ ತೆಗೀತು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಅವನು ಹೇಳಿದ್ರೆ ಸಾಲದು ಅಂದ್ಲು. ಮಹಡಿ ಕಟಕಟೆ ಹತ್ರ ಹೋಗಿ, ವಠಾರದ ಬಾಗಿಲು ಬಾಗಿಲಿಗೂ ಕೇಳೋ ಹಾಗೆ ಗಟ್ಟಿಯಾಗಿ ಹೇಳಿದ್ಲು, ಇವರ ತಾತನ ಕೈ ಜಾರಲಿಲ್ಲ, ನಮ್ಮ ಮುತ್ತಜ್ಜ ಕೈ ಬಿಟ್ಟ, ಸುಳ್ಳು ಹೇಳಿದ, ನಾವೆಲ್ಲ ಅದನ್ನ ತಿಂದು ಬೆಳೆದ್ವಿ ಅಂತ. ಪಾತ್ರೆ ತೊಳೀತಿದ್ದೋರು ನಲ್ಲಿ ನಿಲ್ಲಿಸಿ ಮೇಲೆ ನೋಡಿದ್ರು. ಅಜ್ಜಿ ಬೇಡ ಬಿಡಮ್ಮ ಅಂತ ಒಂದು ಸಲಾನೂ ಅನ್ನಲಿಲ್ಲ. ಪೂರ್ತಿ ಕೇಳಿದ್ರು, ಬೆನ್ನು ನೆಟ್ಟಗೆ ಮಾಡ್ಕೊಂಡು.

ನಾವು ಹೊರಡೋವಾಗ ಅಜ್ಜಿ ಅಕ್ಕನಿಗೆ ಹೇಳಿದ್ರು, ರಾತ್ರಿ ನಿಮ್ಮೋರಿಗೆ ಬಾಯಾರಿತ್ತು, ನೀರು ಕೊಟ್ಟೆ, ಎರಡು ಕೈಯಲ್ಲೂ ಹಿಡ್ಕೊಂಡು ಕುಡಿದ್ರು, ಇನ್ನಷ್ಟು ಕೇಳಿದ್ರು ಅಂತ. ಲೋಟ ಅಲ್ಲೇ ಕಿಟಕಿ ಕಟ್ಟೆ ಮೇಲಿತ್ತು. ದಪ್ಪ ಸ್ಟೀಲ್ ಲೋಟ. ನಾನೇ ಎತ್ತಿ ನೋಡಿದೆ. ಎರಡೂ ಕಡೆ ಒಳಕ್ಕೆ ತಗ್ಗು ಬಿದ್ದಿತ್ತು, ಈ ಕಡೆ ಐದು ಬೆರಳು, ಆ ಕಡೆ ಐದು ಬೆರಳು. ನನ್ನ ಬೆರಳು ಇಟ್ಟು ನೋಡಿದೆ, ತಗ್ಗೇ ದೊಡ್ಡದಾಯ್ತು. ಅಜ್ಜಿ ಈಗಲೂ ಅದರಲ್ಲೇ ನೀರು ಕುಡೀತಾರೆ, ಹಿಡ್ಕೊಳ್ಳೋಕೆ ಚೆನ್ನಾಗಿದೆ ಅಂತಾರೆ. ಸುಳ್ಳಾದ್ರೆ ಹೋಗಿ ನೋಡ್ಕೊಂಡು ಬನ್ನಿ.